ಮುಧೋಳಕ್ಕೆ ಹೋಗದ ನಾಲ್ಕು ಗುರುವಾರ

ನನ್ನ ಹೆಂಡತಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಸೋಮವಾರ ಮತ್ತು ಗುರುವಾರ. ಬನಹಟ್ಟಿಯಿಂದ ಬೆಳಗಿನ ಬಸ್ಸಿಗೆ ಜಮಖಂಡಿಗೆ ಹೋಗಿ, ಮಷೀನಿಗೆ ನಾಲ್ಕು ತಾಸು ಕೊಟ್ಟು ಮನೆಗೆ ಮರಳುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ. ಅವಳು ಮೂವತ್ತು ವರ್ಷ ಕನ್ನಡ ಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು. ನಾನು ಮನೆಯ ಹಿಂದೆ ನಾಲ್ಕು ಮಗ್ಗ ಹಾಕಿಕೊಂಡು ಸೀರೆ ನೇಯಿಸುವವನು. ಅವಳ ಕಿಡ್ನಿ ಕೈಕೊಟ್ಟ ಮೇಲೆ ಮಗ್ಗಗಳನ್ನು ಕೆಲಸಗಾರರಿಗೆ ಒಪ್ಪಿಸಿ, ಅವಳ ಕಾಯಿಲೆಯನ್ನೇ ನನ್ನ ಉದ್ಯೋಗ ಮಾಡಿಕೊಂಡೆ.

ಆ ಉದ್ಯೋಗದಲ್ಲಿ ನನ್ನಷ್ಟು ಜಾಣ ಬೇರೊಬ್ಬನಿಲ್ಲ ಎಂಬ ಜಂಬ ನನಗಿತ್ತು. ಹೋದ ತಿಂಗಳು ಅವಳ ರಕ್ತದಲ್ಲಿ ಏನು ಎಷ್ಟಿತ್ತು, ಈ ತಿಂಗಳು ಎಷ್ಟಾಯಿತು ಎಂಬುದೆಲ್ಲ ಬಾಯಿಪಾಠ. ಪೊಟ್ಯಾಸಿಯಂ ಇಳಿಯಲೆಂದು ಬಟಾಟೆಯನ್ನು ಎರಡು ಸಲ ಕುದಿಸಿ, ನೀರು ಚೆಲ್ಲಿ ಪಲ್ಯ ಮಾಡುತ್ತಿದ್ದೆ. ಕುಡಿಯುವ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಯಲ್ಲಿ ಅಳೆದಿಟ್ಟು, ದಿನಕ್ಕೆ ಇಷ್ಟೇ ಎಂದು ಕಟ್ಟಪ್ಪಣೆ ಮಾಡುತ್ತಿದ್ದೆ. ಡಾಕ್ಟರು ಅವಳನ್ನು ಕೇಳಿದ ಪ್ರಶ್ನೆಗೂ ನಾನೇ ಉತ್ತರ ಕೊಡುತ್ತಿದ್ದೆ. ಅವಳು ಛಾವಣಿ ನೋಡುತ್ತ ಸುಮ್ಮನೆ ಮಲಗಿರುತ್ತಿದ್ದಳು.

ನನ್ನ ಕಣ್ಣಿನ ತೊಂದರೆ ಅದಕ್ಕಿಂತ ಹಳೆಯದು. ಕಣ್ಣಿನ ಒಳಗಿನ ಒತ್ತಡ ಹೆಚ್ಚಿದೆ, ನೋವೇನೂ ಇರುವುದಿಲ್ಲ, ಆದರೆ ಬಿಟ್ಟರೆ ನೋಟ ಬದಿಯಿಂದ ಸವೆಯುತ್ತ ಬರುತ್ತದೆ, ಮೂರು ತಿಂಗಳಿಗೊಮ್ಮೆ ತೋರಿಸಲೇಬೇಕು ಎಂದು ಮುಧೋಳದ ಕಣ್ಣಿನ ಡಾಕ್ಟರು ಹೇಳಿದ್ದರು. ಅಂಥ ರೋಗಿಗಳನ್ನು ಅವರು ನೋಡುತ್ತಿದ್ದುದು ಗುರುವಾರ ಮಾತ್ರ. ಮುಂದಿನ ತಾರೀಖು ಬರೆದುಕೊಟ್ಟ ಕಾರ್ಡನ್ನು ನಾನು ಹೆಂಡತಿಯ ಫೈಲಿನೊಳಗೆ ಇಟ್ಟೆ. ಆ ಫೈಲು ವಾರ ವಾರಕ್ಕೂ ದಪ್ಪವಾಗಿ, ನನ್ನ ಕಾರ್ಡು ತಳ ಸೇರಿತು. ಮೊದಲ ಸಲ ನೆನಪಾದದ್ದು ಶುಕ್ರವಾರ ಗಡ್ಡ ಮಾಡಿಕೊಳ್ಳುವಾಗ. ಎರಡನೆಯ ಸಲ ದವಾಖಾನೆಯವರೇ ಫೋನ್ ಮಾಡಿ, ನಿನ್ನೆ ಯಾಕೆ ಬರಲಿಲ್ಲ ಎಂದು ಕೇಳಿದರು. ಮೂರನೆಯದು ನೆನಪಾಗುವ ಹೊತ್ತಿಗೆ ತಿಂಗಳು ದಾಟಿತ್ತು. ಕಣ್ಣಿನ ಹನಿಯ ಬಾಟಲಿ ತೀರಿದ್ದೂ ಗಮನಕ್ಕೆ ಬಂದಿರಲಿಲ್ಲ.

ಅಷ್ಟರಲ್ಲಿ ಜಮಖಂಡಿಯಲ್ಲಿ ಅವಳ ಪಕ್ಕದ ಹಾಸಿಗೆಗೆ ಸಮೀರವಾಡಿಯ ಒಬ್ಬ ಹಿರಿಯರು ಬಂದರು. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ದುಡಿದು ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದಳು. ಜಮಖಂಡಿ ಕೋರ್ಟಿನಲ್ಲಿ ಕೆಲಸಕ್ಕಿದ್ದ ಅಳಿಯ ಕಾರಿನಲ್ಲಿ ಕರೆತಂದು ಬಿಟ್ಟು, ಮಧ್ಯಾಹ್ನ ಬಂದು ಮನೆ ಮುಟ್ಟಿಸುತ್ತಿದ್ದ. ನನ್ನ ಹೆಂಡತಿ ಸಾಲಿ ಅಕ್ಕೋರು ಎಂದು ಗೊತ್ತಾದದ್ದೇ ತಡ, ಅವರೂ "ಅಕ್ಕೋರ, ಅಕ್ಕೋರ" ಎಂದು ಮಾತಿಗೆ ಶುರುಮಾಡಿದರು.

ಎರಡನೆಯ ವಾರವೇ ಆಗಿರಬೇಕು. ಚಹಾ ಕುಡಿದು ಬರೋಣವೆಂದು ಹೊರಗೆ ಹೋಗಿದ್ದೆ. ಮರಳಿ ಬಂದು ಬಾಗಿಲು ತೆರೆದರೆ ನನ್ನ ಹೆಂಡತಿ ನಗುತ್ತಿದ್ದಳು. ಮುಗುಳ್ನಗೆಯಲ್ಲ, ಸೂಜಿ ಚುಚ್ಚಿದ ಕೈ ಅಲುಗಬಾರದೆಂದು ಇನ್ನೊಂದು ಕೈಯಿಂದ ಅದನ್ನು ಒತ್ತಿಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ. ನನ್ನನ್ನು ನೋಡಿದ್ದೇ ಇಬ್ಬರೂ ಸುಮ್ಮನಾದರು.

"ಏನಾತು?" ಎಂದೆ.

"ಏನಿಲ್ಲ ಬಿಡ್ರಿ," ಎಂದಳು.

ಆ "ಏನಿಲ್ಲ" ನನ್ನ ಎದೆಯೊಳಗೆ ಮುಳ್ಳಿನಂತೆ ಮುರಿದು ಕೂತಿತು. ಒಂದು ವರ್ಷದಿಂದ ನಾನು ಅವಳ ಕಾಲು ಒತ್ತಿದ್ದೆ, ವಾಂತಿ ಬಾಚಿದ್ದೆ, ತಲೆ ಬಾಚಿದ್ದೆ. ಒಮ್ಮೆಯೂ ಅವಳು ಹಾಗೆ ನಕ್ಕಿರಲಿಲ್ಲ. ಅಂದಿನಿಂದ ಚಹಾಕ್ಕೆ ಹೋಗುವುದನ್ನು ಬಿಟ್ಟೆ. ಇಬ್ಬರ ಹಾಸಿಗೆಗಳ ನಡುವೆ ಸ್ಟೂಲು ಎಳೆದುಕೊಂಡು, ಅವರಿಗೆ ಬೆನ್ನು ಕೊಟ್ಟು, ನಾಲ್ಕು ತಾಸು ಗೋಡೆಯ ಹಾಗೆ ಕೂರತೊಡಗಿದೆ. ಅವರಿಬ್ಬರೂ ನನ್ನ ತಲೆಯ ಮೇಲಿಂದಲೇ ಮಾತಾಡಿದರು. ಮಷೀನಿಗೆ ಹಚ್ಚಿದಾಗ ಕೈ ಹೇಗೆ ತಣ್ಣಗಾಗುತ್ತದೆ, ಬಾಯಾರಿದಾಗ ನಾಲಿಗೆ ಹೇಗೆ ಅಂಗುಳಕ್ಕೆ ಅಂಟುತ್ತದೆ ಎಂದು ಒಬ್ಬರು ಅರ್ಧ ಹೇಳಿದರೆ ಇನ್ನೊಬ್ಬರು ಪೂರ್ತಿ ಮಾಡುತ್ತಿದ್ದರು. ಎಲ್ಲ ಬಾಯಿಪಾಠ ಮಾಡಿದ್ದ ನನಗೆ ಅದೊಂದು ಗೊತ್ತಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ನನಗೂ ಆ ರೋಗ ಬಂದು ಮೂರನೆಯ ಹಾಸಿಗೆ ಸಿಗಬಾರದೇ ಎಂದು ಒಂದು ಕ್ಷಣ ಅನಿಸಿದ್ದೂ ಉಂಟು.

ಕಣ್ಣಿನ ಡಾಕ್ಟರ ನಾಲ್ಕನೆಯ ಸಲದ ತಾರೀಖು ಬಂತು. ಹಿಂದಿನ ದಿನವೇ ನೆನಪಿತ್ತು. ಒಂದು ಗುರುವಾರ ನರ್ಸಿಗೆ ಹೇಳಿ ಅವಳನ್ನು ಬಿಟ್ಟು ಹೋಗಬಹುದಿತ್ತು. ಆದರೆ ನಾಲ್ಕು ತಾಸು ಅವರಿಬ್ಬರನ್ನು ಬಿಟ್ಟು ಹೋಗಲು ಮನಸ್ಸು ಒಪ್ಪಲಿಲ್ಲ. ಹೋಗಲಿಲ್ಲ. ಆಮೇಲೆ ಯಾರಾದರೂ ಕೇಳಿದರೆ, ಮರೆತೆ ಎಂದೇ ಹೇಳುತ್ತಿದ್ದೆ.

ಆ ದಿನಗಳಲ್ಲಿ ಮಗ್ಗದಿಂದ ಇಳಿದ ಸೀರೆಗಳಲ್ಲಿ ಎಡ ಅಂಚಿನ ಹತ್ತಿರ ಎಳೆ ಹರಿದದ್ದು ಹಾಗೇ ದಾಟಿಹೋಗಿ, ವ್ಯಾಪಾರಿ ಎರಡು ಸಲ ಮಾಲು ತಿರುಗಿಸಿದ. ನಾನು ಕೆಲಸಗಾರನ ಮೇಲೆ ಹರಿಹಾಯ್ದೆ.

"ಕೊನೀಗೆ ನೋಡಿ ಪಾಸ್ ಮಾಡಿದವ್ರು ನೀವ ಅಲ್ಲೇನ್ರಿ?" ಎಂದು ಅವನು ತಲೆತಗ್ಗಿಸಿ ಹೇಳಿದ. ಸೊಕ್ಕು ಎಂದುಕೊಂಡೆ.

ಒಂದು ಸೋಮವಾರ ಆಸ್ಪತ್ರೆಯಿಂದ ಹೊರಬಿದ್ದ ಕೂಡಲೇ ಹೆಂಡತಿ ನನ್ನ ಮೇಲೆ ಸಿಟ್ಟಾದಳು.

"ಹಿರೇ ಮನಷಾ, ದಿನಾ ಕೈ ಎತ್ತಿ ನಮಸ್ಕಾರ ಮಾಡ್ತಾರ. ನೀವು ಮಾರಿ ಸುದ್ದಾ ತಿರಗಸೂದಿಲ್ಲ. ಅವ್ರು ಏನ್ ತಿಳ್ಕೊಂಡಾರು?"

"ಯಾವಾಗ ಮಾಡಿದ್ರು?"

"ಇವತ್ತೂ ಮಾಡಿದ್ರು. ನಿಮ್ಮ ಎಡ ಮಗ್ಗಲ್ದಾಗ ನಿಂತು."

ನಾನು ನೋಡಿರಲಿಲ್ಲ. ಖರೆ ಹೇಳಬೇಕೆಂದರೆ, ನೋಡಿದ್ದರೂ ಮಾರಿ ತಿರುಗಿಸುತ್ತಿದ್ದೆನೋ ಇಲ್ಲವೋ.

ಮುಂದಿನ ಗುರುವಾರ ಮಷೀನಿಗೆ ಹಚ್ಚುವ ಮುಂಚೆ ಆ ಹಿರಿಯರು ನನ್ನ ಬಲಗಡೆಗೆ ಬಂದು ನಿಂತರು. "ಕಾಕಾರ, ಸಿಟ್ಟಾಗಬ್ಯಾಡ್ರಿ. ಒಂದ್ ಮಾತ ಕೇಳ್ಲೇನ್ರಿ? ಆ ಕ್ಯಾಲೆಂಡರ ನೋಡ್ಕೋತ ನಿಂದರ್ರಿ," ಎಂದು ಹೇಳಿ, ಆಮೇಲೆ ಎಡಕ್ಕೆ ಹೋದರು. "ನನ್ನ ಕೈ ಕಂಡ್ರ ಹೂಂ ಅನ್ರಿ."

ನಾನು ಕ್ಯಾಲೆಂಡರು ನೋಡುತ್ತ ನಿಂತೆ. ಬಹಳ ಹೊತ್ತು ಏನೂ ಕಾಣಲಿಲ್ಲ. ಕಂಡಾಗ ಅವರ ಬೆರಳು ನನ್ನ ಮೂಗಿನ ಹತ್ತಿರವೇ ಬಂದಿತ್ತು.

ಅವರು ನನ್ನ ಹೆಂಡತಿಯ ಕಡೆ ತಿರುಗಿ ಹೇಳಿದರು: "ಅಕ್ಕೋರ, ಇವ್ರದು ಸಿಟ್ಟಲ್ರಿ. ಇವ್ರಿಗೆ ಎಡಗಡಿ ಕಾಣಾಂಗಿಲ್ಲ. ನಮ್ಮ ಕಾರ್ಖಾನ್ಯಾಗ ಒಬ್ಬ ಡ್ರೈವರ್‌ಗ ಹಿಂಗ ಆಗಿತ್ತು."

ನನ್ನ ಹೆಂಡತಿ ಎದ್ದು ಕೂತಳು. "ಮುಧೋಳದ ಡಾಕ್ಟರ್ ಕಡೆ ಯಾವಾಗ ಹೋಗಿದ್ರಿ?"

"ಮರ್ತೆ," ಎಂದೆ.

"ಎಷ್ಟ ಸಲ?"

"ನಾಕ."

"ನನ್ನ ಹೆಸರ್ಲೆ ಕಣ್ಣ ಕಳ್ಕೋಬ್ಯಾಡ್ರಿ. ಅದನ್ನ ಹೊತ್ಕೊಂಡ್ ಬದಕೂ ಶಕ್ತಿ ನನಗಿಲ್ಲ," ಎಂದಳು. ನನ್ನ ಸೇವೆಯನ್ನು ಅವಳು ಹೊರೆ ಎಂದು ಕರೆದದ್ದು ಅದೇ ಮೊದಲು.

ಮುಂದಿನ ಗುರುವಾರ ನಾನು ಮುಧೋಳಕ್ಕೆ ಹೋಗುವುದು, ಸಮೀರವಾಡಿಯಿಂದ ಬರುವ ಅವರ ಕಾರು ಬನಹಟ್ಟಿಯಲ್ಲಿ ಅವಳನ್ನು ಹತ್ತಿಸಿಕೊಳ್ಳುವುದು ಎಂದು ಅವರಿಬ್ಬರೇ ಮಾತಾಡಿ ಮುಗಿಸಿದರು. ಆ ಗುರುವಾರ ಅಳಿಯ ಮುಂದೆ ಕೂತು ಕಾರು ನಡೆಸುತ್ತಿದ್ದ. ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಅವರು. ಕಾರು ಜಮಖಂಡಿ ಕಡೆಗೆ ಹೋದ ಮೇಲೂ ನಾನು ರಸ್ತೆಯಲ್ಲೇ ನಿಂತಿದ್ದೆ.

ಮುಧೋಳದಲ್ಲಿ ಒಂದು ಮಷೀನಿಗೆ ಗದ್ದ ಆನಿಸಿ ಕೂರಿಸಿದರು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನನ್ನ ಮನಸ್ಸು ಕಾರಿನ ಹಿಂದಿನ ಸೀಟಿನಲ್ಲಿತ್ತು. ಈಗ ನಗುತ್ತಿರಬಹುದು, ಈಗ ಸೂಜಿ ಚುಚ್ಚಿರಬಹುದು, ಅವಳು ಕೈ ಹಿಡಿಯಲು ಯಾರನ್ನು ಹುಡುಕಿದಳೋ. ಡಾಕ್ಟರು ಕಾಗದ ನೋಡಿ, "ಮನಸ್ ಎಲ್ಲೈತ್ರಿ? ಇನ್ನೊಮ್ಮಿ ಕೂಡ್ರಿ," ಎಂದರು. ಎರಡನೆಯ ಸಲ ಸರಿಯಾಗಿ ಬಂತು. ಎಡಗಣ್ಣಿನ ಹೊರ ಬದಿಯೂ ಬಲಗಣ್ಣಿನ ಮೂಗಿನ ಬದಿಯೂ ಬಹುಪಾಲು ಕಪ್ಪು.

"ಹೋದದ್ದು ಹೋತ್ರಿ, ತಿರುಗಿ ಬರೂದಿಲ್ಲ. ಉಳದದ್ದ ಉಳಸ್ಕೋಬೇಕು. ಇಷ್ಟ ದಿನಾ ಯಾಕ ಬರ್ಲಿಲ್ಲ?"

"ಮನ್ಯಾಗ ಆರಾಮಿಲ್ರಿ," ಎಂದೆ. ಮುಕ್ಕಾಲು ಪಾಲು ನಿಜ.

ಸಂಜೆ ಮನೆಗೆ ಬಂದಾಗ ಹೆಂಡತಿ ಮಂಚದ ಮೇಲೆ ಒರಗಿದ್ದಳು. ನಡುವೆ ಒಮ್ಮೆ ವಾಂತಿಯಾಯಿತಂತೆ, ನರ್ಸು ನೋಡಿಕೊಂಡಳಂತೆ. ನಾನಿಲ್ಲದೆಯೂ ಎಲ್ಲ ನಡೆದಿತ್ತು. ಡಾಕ್ಟರು ಹೇಳಿದ್ದನ್ನು ಹೇಳಿದೆ. ನಂತರ ತಡೆಯಲಾರದೆ ಕೇಳಿಯೇಬಿಟ್ಟೆ.

"ಅವ್ರ ಕೂಡ ಅಷ್ಟ ನಗೂವಂಥಾದ್ದು ಏನ್ ಮಾತಾಡ್ತಿ?"

"ತಿನ್ನಬಾರದ ಊಟದ್ದು," ಎಂದಳು. "ನಾ ಮಾವಿನಕಾಯಿ ಉಪ್ಪಿನಕಾಯಿ ಹ್ಯಾಂಗ ಹಾಕ್ತಿದ್ದೆ ಅಂತ ನಾ ಹೇಳೂದು, ಅವ್ರು ಗಾಣದ ಬಿಸಿ ಬೆಲ್ಲ, ಕಬ್ಬಿನ ಹಾಲು ಅನ್ನೂದು. ಒಂದ ಕೊಡ ಎಳನೀರು ಇಬ್ರೂ ಕೂಡಿ ಮಾತಿನ್ಯಾಗ ಕುಡೀತೀವಿ. ನಿಮ್ಮ ಮುಂದ ಉಪ್ಪಿನಕಾಯಿ ಅಂದ್ರ ಸಾಕು, ನೀವು ಫೈಲ್ ತಗೀತೀರಿ."

ಆಗ ನಾನು ನಾಲ್ಕನೆಯ ಗುರುವಾರದ ನಿಜ ಹೇಳಿದೆ. ಮರೆತಿರಲಿಲ್ಲ, ಅವರಿಬ್ಬರನ್ನು ಬಿಟ್ಟು ಹೋಗಲಾಗದೆ ಕೂತಿದ್ದೆ ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಾಯಿಗೆ ಸೆರಗು ಹಿಡಿದಳು.

"ಅಯ್ಯ ಶಿವನ, ಈ ವಯಸ್ಸಿನ್ಯಾಗ! ಅದೂ ಇಂಥಾಕಿ ಸಲುವಾಗಿ!" ಎಂದು ನಗತೊಡಗಿದಳು. ಬಹಳ ಹೊತ್ತು ನಕ್ಕಳು. ಕೊನೆಗೆ ಕಣ್ಣು ಒರೆಸಿಕೊಂಡು, "ಹುಚ್ಚ ಅದೀರಿ," ಎಂದಳು.

ಈಗ ನನ್ನ ತಾರೀಖುಗಳು ಅವಳ ಜವಾಬ್ದಾರಿ. ದೀಪ ಹಚ್ಚುವ ಹೊತ್ತಿಗೆ ಕಣ್ಣಿಗೆ ಹನಿ ಹಾಕುವವಳೂ ಅವಳೇ. ರೆಪ್ಪೆ ಮಿಟುಕಿಸಿದರೆ ಸಾಲೆಯ ಮಕ್ಕಳಿಗೆ ಗದರಿದ ಹಾಗೆ ಗದರುತ್ತಾಳೆ. ಮೂರು ತಿಂಗಳಿಗೊಂದು ಗುರುವಾರ ನಾನು ಒಬ್ಬನೇ ಮುಧೋಳದ ಬಸ್ಸು ಹತ್ತುತ್ತೇನೆ, ಅವಳು ಸಮೀರವಾಡಿಯವರ ಕಾರು ಹತ್ತುತ್ತಾಳೆ. ಹೊಟ್ಟೆಕಿಚ್ಚು ಆರಿದೆ ಎಂದರೆ ಸುಳ್ಳಾದೀತು. ಮಹಾಲಿಂಗಪುರ ದಾಟುವವರೆಗೂ ಒಳಗೆ ಸುಡುತ್ತಲೇ ಇರುತ್ತದೆ. ಆಮೇಲೆ ಕಂಡಕ್ಟರು ಬಂದು ಟಿಕೆಟ್ ಕೇಳುತ್ತಾನೆ, ನಾನು ಕತ್ತು ಪೂರ್ತಿ ತಿರುಗಿಸಿ ಅವನನ್ನು ನೋಡಿ, ಮುಧೋಳ ಒಂದು ಎನ್ನುತ್ತೇನೆ.