ಕಲ್ಲಬಾವಿಯ ವಸ್ತಿ ಬಸ್ಸು ರಾತ್ರಿ ಎಲ್ಲಿತ್ತು

ರಾಜ್ಯದ ಹೆಸರು ಮೈಸೂರಿನಿಂದ ಕರ್ನಾಟಕಕ್ಕೆ ಬದಲಾಗಿ ಒಂದೆರಡು ವರ್ಷ ಕಳೆದಿತ್ತು. ನಮ್ಮ ಕಚೇರಿಯ ರಬ್ಬರ್ ಸ್ಟ್ಯಾಂಪು ಮಾತ್ರ ಇನ್ನೂ ಹಳೆಯದೇ ಇತ್ತು. ನಾನಾಗ ಸರ್ಕಾರಿ ಸಾರಿಗೆಯ ಗುಲ್ಬರ್ಗಾ ಕಚೇರಿಯಲ್ಲಿ ಟ್ರಾಫಿಕ್ ಸೂಪರಿಂಟೆಂಡೆಂಟ್. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಬಸ್ಸುಗಳು ನನ್ನ ಪಾಲಿಗೆ ಬಂದಿದ್ದವು. ಬಸ್ಸು ಹೊತ್ತಿಗೆ ಸರಿಯಾಗಿ ಓಡಿದರೆ ನನ್ನನ್ನು ಯಾರೂ ನೆನೆಯುತ್ತಿರಲಿಲ್ಲ. ಕೆಟ್ಟು ನಿಂತರೆ ಐದೂ ಊರಿನವರು ಬೈಯುತ್ತಿದ್ದರು. ಅದಕ್ಕೆ ನಾನು ಒಗ್ಗಿಹೋಗಿದ್ದೆ. ಆದರೆ ಒಂದು ಬಸ್ಸು ದಿನವೂ ಸರಿಯಾಗಿ ಓಡುತ್ತಿದ್ದೂ ನನ್ನ ತಲೆಯನ್ನು ಮೊಸರುಗಡಿಗೆ ಮಾಡಿದ್ದು ಅದೊಂದೇ ಸಲ.

ವಿಧಾನಸಭೆಯಿಂದ ನಮ್ಮ ಮಂತ್ರಿಗಳಿಗೆ ಒಂದು ಚುಕ್ಕೆ ಗುರುತಿನ ಪ್ರಶ್ನೆ ಬಂದಿತ್ತು. ಇಂಥ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಬಾಯಿಂದಲೇ ಉತ್ತರ ಹೇಳಬೇಕು. ಕೇಳಿದ ಶಾಸಕರು ಮೇಲಿಂದ ಉಪಪ್ರಶ್ನೆ ಹಾಕಬಹುದು. ಮಂತ್ರಿಗಳ ಬಾಯಿಂದ ತಪ್ಪು ಮಾಹಿತಿ ಬಂತೋ, ಅದು ಹಕ್ಕುಚ್ಯುತಿಯವರೆಗೂ ಹೋಗುತ್ತದೆ. ಆಮೇಲೆ ಮಂತ್ರಿಗಳ ಸಿಟ್ಟು ಒಂದೊಂದೇ ಮೆಟ್ಟಿಲು ಇಳಿದು ನನ್ನಂಥವನ ಕೊರಳಿಗೆ ಬೀಳುತ್ತದೆ.

ಪ್ರಶ್ನೆ ಹೀಗಿತ್ತು. (ಅ) ಚಿಂಚೋಳಿ ತಾಲ್ಲೂಕಿನ ಕಲ್ಲಬಾವಿ ಗ್ರಾಮಕ್ಕೆ ಮಂಜೂರಾದ ವಸ್ತಿ ಬಸ್ಸು ಆ ಗ್ರಾಮದಲ್ಲಿ ವಸ್ತಿ ಮಾಡುತ್ತಿಲ್ಲ ಎಂಬುದು ನಿಜವೇ? (ಆ) ನಿಜವಾದರೆ ಕಾರಣವೇನು? (ಇ) ತಪ್ಪಿತಸ್ಥರ ಮೇಲೆ ಯಾವ ಕ್ರಮ ಕೈಗೊಳ್ಳಲಾಗಿದೆ?

ಕಲ್ಲಬಾವಿ ಎಂಬುದು ನಾನಿಟ್ಟ ಹೆಸರು. ಊರು ಈಗಲೂ ಇದೆ, ಅಲ್ಲಿನ ಮಕ್ಕಳು ಮೊಮ್ಮಕ್ಕಳಿಗೆ ನೋವಾಗಬಾರದು. ವಸ್ತಿ ಬಸ್ಸೆಂದರೆ ಸಂಜೆ ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ತಂಗಿ, ಬೆಳಗಿನ ಜಾವ ತಾಲ್ಲೂಕಿನ ಕಡೆ ಹೊರಡುವ ಬಸ್ಸು. ಡ್ರೈವರ್, ಕಂಡಕ್ಟರ್ ಬಸ್ಸಿನಲ್ಲೇ ಮಲಗುತ್ತಾರೆ. ಅವರ ರಾತ್ರಿಯ ಊಟ ಊರಿನದು. ಇದು ಯಾವ ನಿಯಮದಲ್ಲೂ ಬರೆದದ್ದಲ್ಲ, ಊರೂರಲ್ಲಿ ನಡೆದುಬಂದ ರೂಢಿ. ವಸ್ತಿ ಬಸ್ಸು ಇದ್ದ ಊರಿಗೆ ಒಂದು ಗತ್ತು. ಬೆಳಿಗ್ಗೆ ಆ ಊರಿನವರಿಗೆಲ್ಲ ಕೂರಲು ಸೀಟು.

ನಾನು ನಾಲ್ಕು ಕಡೆ ವರದಿ ಕೇಳಿದೆ. ಡಿಪೋದವರು ಬರೆದರು: ಬಸ್ಸು ಪ್ರತಿದಿನ ಸಂಜೆ ಕಲ್ಲಬಾವಿ ತಲುಪುತ್ತದೆ, ಪ್ರತಿದಿನ ಬೆಳಿಗ್ಗೆ ಕಲ್ಲಬಾವಿಯಿಂದ ಬರುತ್ತದೆ. ತಾಲ್ಲೂಕು ಕಚೇರಿಯವರು ಬರೆದರು: ಬಸ್ಸು ರಾತ್ರಿ ಕಲ್ಲಬಾವಿಯಲ್ಲಿ ಇರುವುದಿಲ್ಲ, ಎರಡು ಮೈಲು ಮುಂದಿನ ಲಂಬಾಣಿ ತಾಂಡಾದಲ್ಲಿ ಇರುತ್ತದೆ. ಲೋಕೋಪಯೋಗಿಯವರು ಬರೆದರು: ಕಲ್ಲಬಾವಿಯಿಂದ ತಾಂಡಾಕ್ಕೆ ರಸ್ತೆಯೇ ಇಲ್ಲ. ಅರಣ್ಯದವರು ಬರೆದರು: ರಸ್ತೆ ಇದೆ, ಅದು ನಮ್ಮದು, ಬಸ್ಸಿಗೆ ನಾವು ಅನುಮತಿ ಕೊಟ್ಟಿಲ್ಲ, ಆದ್ದರಿಂದ ಅಲ್ಲಿ ಬಸ್ಸು ಹೋಗುತ್ತಿರಲಾರದು.

ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಓದಿದೆ. ಇಲ್ಲದ ರಸ್ತೆಯ ಮೇಲೆ, ಹೋಗಲಾರದ ಬಸ್ಸು, ದಿನವೂ ಹೋಗಿ, ದಿನವೂ ಬರುತ್ತಿತ್ತು. ಕಾರಣವನ್ನು ಮಾತ್ರ ಒಬ್ಬರೂ ಬರೆದಿರಲಿಲ್ಲ. ನಾನು ಚಹಾ ತರಿಸಿ ಕುಡಿದು ಮತ್ತೊಮ್ಮೆ ಓದಿದೆ. ಆಗಲೂ ಏನೂ ಹೊಳೆಯಲಿಲ್ಲ.

ಅಷ್ಟರಲ್ಲಿ ಡಿಪೋದವರು ಪ್ರಶ್ನೆಯ ಮೂರನೆಯ ಭಾಗಕ್ಕೆ ಹೆದರಿ ಒಂದು ಕೆಲಸ ಮಾಡಿ ಮುಗಿಸಿದ್ದರು. ಕಂಡಕ್ಟರ್ ಮಾರೆಪ್ಪನಿಗೆ ಮಂಜೂರಾದ ಮಾರ್ಗ ಬಿಟ್ಟು ಬಸ್ಸು ಒಯ್ದ ಆರೋಪದ ಮೇಲೆ ಚಾರ್ಜ್‌ಶೀಟ್ ಕೊಟ್ಟಿದ್ದರು. ಬಸ್ಸಿನ ಜವಾಬ್ದಾರಿ ನಿಯಮದ ಪ್ರಕಾರ ಕಂಡಕ್ಟರನದು. ಮಾರೆಪ್ಪ ಇನ್ನೂ ಪ್ರೊಬೇಷನ್‌ನಲ್ಲಿದ್ದ. ಅಂದರೆ ಕಾಯಂ ಆಗಿರಲಿಲ್ಲ, ಆರೋಪ ನಿಂತರೆ ಮನೆಗೆ ಹೋಗುವುದೇ. ಅವನ ತಂದೆ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಫರಸಿ ಚಪ್ಪಡಿ ಎತ್ತುವ ಕೂಲಿ. ಆ ಮನೆಯಲ್ಲಿ ಸರ್ಕಾರದ ಸಂಬಳ ತಂದ ಮೊದಲನೆಯವನು ಇವನು. ವಿಚಾರಣೆಗೆ ಕರೆದರೆ ಮುಂದೆ ನಿಂತು ಒಂದೇ ಮಾತು ಹೇಳಿದ: "ಬಸ್ ತಾಂಡಾದಾಗೇ ಇರ್ತದರಿ ಸಾಹೇಬ್ರ. ಯಾಕ ಅಂತ ಮಾತ್ರ ನನಗ ಕೇಳಬ್ಯಾಡ್ರಿ."

ಕೇಳಬೇಡಿ ಎಂದರೆ ಮಂತ್ರಿಗಳಿಗೆ ನಾನು ಏನು ಹೇಳಲಿ? ಅವನ ಮೇಲೆ ರೇಗಿದೆ. ಕೊನೆಗೆ ಇದು ಕುರ್ಚಿಯಲ್ಲಿ ಕೂತು ಬಗೆಹರಿಯುವ ಮಾತಲ್ಲ ಅನ್ನಿಸಿ, ಒಂದು ಸಂಜೆ ಚಿಂಚೋಳಿಯಲ್ಲಿ ಅದೇ ಬಸ್ಸು ಹತ್ತಿದೆ.

ಡ್ರೈವರ್ ಮಹಬೂಬ್ ಸಾಬ್ ಐವತ್ತು ದಾಟಿದ, ಕಾಯಂ ನೌಕರಿಯ ಹಳೆಯ ಕೈ. ನನ್ನನ್ನು ಕಂಡು ಸಲಾಂ ಮಾಡಿದ, ಮಾತಾಡಲಿಲ್ಲ. ವಿಚಾರಣೆ ಮುಗಿಯುವವರೆಗೆ ಕಂಡಕ್ಟರ್ ಮಾರೆಪ್ಪನೇ. ಕುಂಚಾವರಂ ಕಾಡಿನ ಅಂಚು ಹಿಡಿದು ಬಸ್ಸು ಕಲ್ಲಬಾವಿಗೆ ಬಂದಾಗ ಇನ್ನೂ ಬೆಳಕಿತ್ತು. ಜನ ಇಳಿದರು. ಊರ ಗೌಡರು ಕಟ್ಟೆಯಿಂದ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಕುಂದ್ರಿ, ಉಣ್ರಿ, ಎಂಬ ಉಪಚಾರವಾಯಿತು. ಒಳ್ಳೆಯ ಮನುಷ್ಯ, ನಗುಮುಖ. ದೂರನ್ನೂ ನಗುತ್ತಲೇ ಹೇಳಿದರು.

"ಬಸ್ ನಮ್ಮ ಊರ ಹೆಸರಿಗಿ ಮಂಜೂರ್ ಆಗ್ಯದರಿ. ಮುಂಜಾನಿ ನೋಡಿದ್ರ ತಾಂಡಾದವರು ಸೀಟಿನ್ಯಾಗ ಕುಂತು ಬರ್ಲಿಕತ್ತಾರ, ನಾವು ಕಂಬಿ ಹಿಡದು ನಿಂದ್ರಬೇಕು. ಇದು ಯಾವ ನ್ಯಾಯರಿ?"

"ಸಿಬ್ಬಂದಿಗೆ ಇಲ್ಲಿ ಊಟದ ತ್ರಾಸ್ ಏನರ ಇತ್ತೇನ್ರಿ?" ಎಂದು ಕೇಳಿದೆ.

"ಇಲ್ಲರಿ. ಮನಿಗೊಂದು ಪಾಳಿ ಹಚ್ಚಿದ್ದೆವು. ಡ್ರೈವರ್‌ಗ ಪಡಸಾಲ್ಯಾಗ ಎಲಿ ಹಾಕತಿದ್ದೆವು. ಕಂಡಕ್ಟರ್‌ಗೂ ಕೊಡತಿದ್ದೆವು."

"ಎಲ್ಲಿ ಕೊಡತಿದ್ರಿ?"

ಗೌಡರ ನಗು ಮಾಸಲಿಲ್ಲ. "ಅವರವರ ಜಾಗಾದಾಗ ಕೊಡತಿದ್ದೆವು. ಹಿಂದಿನಿಂದ ನಡದು ಬಂದದ್ದು ಅದಲ್ರಿ," ಎಂದು ದನದ ಕೊಟ್ಟಿಗೆಯ ಆಚೆಯ ಬಯಲಿನ ಕಡೆ ಕೈ ತೋರಿಸಿದರು.

ನಾನು ಚಿತ್ತಾಪುರದವನು. ಆ ಕೈ ಏನು ಹೇಳಿತೆಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾಲ್ಕು ಇಲಾಖೆಗಳ ಕಾಗದ ಓದುವಾಗ ಇದೊಂದು ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಊಟ ಆಗಿದೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ.

ಇಲ್ಲದ ರಸ್ತೆಯಲ್ಲಿ ಬಸ್ಸು ಮುಲುಗುತ್ತ ಎರಡು ಮೈಲು ಹೋಯಿತು. ತಾಂಡಾದಲ್ಲಿ ನಾಯಕನ ಹೆಂಡತಿ ಅಂಗಳದಲ್ಲಿ ಚಾಪೆ ಹಾಸಿದಳು. ಒಂದೇ ಬುಟ್ಟಿಯಿಂದ ಮೂವರಿಗೂ ಬಿಸಿ ರೊಟ್ಟಿ, ಖಾರದ ಪಲ್ಯ ಬಡಿಸಿದಳು. ನಾನು ಯಾರೆಂದು ಅವಳು ಕೇಳಲೂ ಇಲ್ಲ. ಹಸಿದಿದ್ದೆ, ಚೆನ್ನಾಗಿ ತಿಂದೆ. ಮಾರೆಪ್ಪ ಕೈ ತೊಳೆಯಲು ಎದ್ದುಹೋದಾಗ ಮಹಬೂಬ್ ಸಾಬ್ ಮೊದಲ ಸಲ ಬಾಯಿ ಬಿಟ್ಟ.

"ಸ್ಟೇರಿಂಗ್ ನನ್ನ ಕೈಯಾಗ ಇರ್ತದರಿ ಸಾಹೇಬ್ರ, ಅವನ ಕೈಯಾಗ ಅಲ್ಲ. ಬಸ್ ಇಲ್ಲಿಗಿ ತಂದಾವ ನಾನು. ಅವ ಬ್ಯಾಡ ಬ್ಯಾಡ ಅಂದ, ನಾ ಕೇಳ್ಲಿಲ್ಲ. ಚಾರ್ಜ್‌ಶೀಟ್ ಕೊಡೂದಿದ್ರ ನನಗ ಕೊಡ್ರಿ."

ತಿರುಗಿ ಬಂದ ಮಾರೆಪ್ಪನನ್ನು, ಇದು ಹೌದೇ ಎಂದು ಕೇಳಿದೆ. ಅವನು ಬಹಳ ಹೊತ್ತು ಮಹಬೂಬ್ ಸಾಬನ ಮುಖ ನೋಡಿದ. ಆಮೇಲೆ "ಮಹಬೂಬಣ್ಣ ಹೇಳಿದ್ದು ಖರೆ ಅದರಿ," ಎಂದ.

ಕಾರಣ ಸಿಕ್ಕಿತ್ತು, ಆದರೆ ಗೊಂದಲ ಹೆಚ್ಚಾಯಿತು. ಡ್ರೈವರ್ ಒಪ್ಪಿಕೊಂಡರೂ ನಿಯಮ ಕಂಡಕ್ಟರನನ್ನೇ ಹಿಡಿಯುತ್ತದೆ. ನಿಜ ಬರೆದರೆ ಮಾರ್ಗ ತಪ್ಪಿದ್ದು ಸಾಬೀತಾಗಿ ಮಾರೆಪ್ಪನ ನೌಕರಿ ಹೋಗುತ್ತದೆ. ಬಸ್ಸನ್ನು ಕಲ್ಲಬಾವಿಗೆ ಮರಳಿಸಿದರೆ ಅವನು ಮತ್ತೆ ಕೊಟ್ಟಿಗೆಯ ಆಚೆ ಕೂರಬೇಕು. ಬೇರೆ ಕಂಡಕ್ಟರನನ್ನು ಹಾಕಿದರೆ ಕಲ್ಲಬಾವಿ ಗೆದ್ದ ಹಾಗೆ. ಎತ್ತ ತಿರುಗಿದರೂ ಗೋಡೆ. ಏನೂ ತೋಚದೆ, ಕಾರಣದ ಜಾಗವನ್ನು ಖಾಲಿ ಬಿಟ್ಟು ವರದಿ ಕಳಿಸಿದೆ. ಮೂರೇ ದಿನಕ್ಕೆ ತಂತಿ ಬಂತು: ಕಡತದೊಂದಿಗೆ ಖುದ್ದಾಗಿ ಹೊರಡಿ.

ವಾಡಿ ಜಂಕ್ಷನ್‌ನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಮಂತ್ರಿಗಳು ಹಳೇ ಮೈಸೂರಿನ ಕಡೆಯವರು, ಮಾತು ಖಡಕ್. ನಾಲ್ಕು ವರದಿಗಳನ್ನೂ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನ್ರೀ ಇದು? ಒಂದು ಬಸ್ಸು ರಾತ್ರಿ ಎಲ್ಲಿ ಮಲಗತ್ತೆ ಅಂತ ನಾಲ್ಕು ಇಲಾಖೆ ಸೇರಿ ಹೇಳಕ್ಕಾಗಲ್ವಾ? ನಾಳೆ ನಾನು ಎದ್ದು ನಿಂತು ಏನು ಹೇಳಲಿ, ಬಸ್ಸು ಇದೆ ಅಂತಲೋ ಇಲ್ಲ ಅಂತಲೋ?"

ನಾನು ಬರೆಯದೆ ಬಿಟ್ಟದ್ದನ್ನು ಬಾಯಿಂದ ಹೇಳಿದೆ. ಪಡಸಾಲೆ, ಕೊಟ್ಟಿಗೆ, ತಾಂಡಾದ ಚಾಪೆ, ಮಹಬೂಬ್ ಸಾಬನ ಮಾತು, ಮಾರೆಪ್ಪನ ಪ್ರೊಬೇಷನ್, ಎಲ್ಲವನ್ನೂ ಹೇಳಿದೆ. ಮಂತ್ರಿಗಳು ಸಿಟ್ಟಾದರೋ, ನಂಬಲಿಲ್ಲವೋ, ನನಗೆ ಅಂದಾಜು ಸಿಗಲಿಲ್ಲ. ಕೊನೆಗೆ ಕೇಳಿದರು: "ಬಸ್ಸನ್ನ ಮಂಜೂರಾತಿ ಇರೋ ಕಡೆ ಕಳಿಸಬೇಕು, ಅಲ್ವಾ?"

"ಹೌದು ಸರ್, ನಿಯಮ ಹಾಗಿದೆ."

"ಮಂಜೂರಾತೀನೇ ಬಸ್ಸಿರೋ ಕಡೆ ಕಳಿಸಬಾರದು ಅಂತ ಎಲ್ಲಾದರೂ ಇದೆಯಾ?"

ಯೋಚಿಸಿದೆ. ಎಲ್ಲೂ ಇರಲಿಲ್ಲ. ಅಷ್ಟು ವರ್ಷ ನೌಕರಿ ಮಾಡಿದರೂ ನನಗೆ ಅದು ಹೊಳೆದಿರಲಿಲ್ಲ. "ಇಲ್ಲ ಸರ್," ಎಂದೆ.

ಮರುದಿನ ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತಿದ್ದೆ. ಉಪಪ್ರಶ್ನೆ ಬಂದರೆ ಮಂತ್ರಿಗಳಿಗೆ ಚೀಟಿ ಕಳಿಸುವುದು ನನ್ನ ಕೆಲಸ. ನಮ್ಮ ಪ್ರಶ್ನೆಯ ಸರದಿ ಬಂದಾಗ ಮಂತ್ರಿಗಳು ಎದ್ದು ಓದಿದರು: "(ಅ) ನಿಜ. (ಆ) ಸಿಬ್ಬಂದಿಗೆ ಸದರಿ ಗ್ರಾಮದಲ್ಲಿ ಸೂಕ್ತ ಸೌಕರ್ಯ ದೊರೆಯದಿರುವುದೇ ಕಾರಣ. (ಇ) ವಸ್ತಿ ಸ್ಥಳವನ್ನು ತಾಂಡಾಕ್ಕೆ ಬದಲಿಸಿ ಆದೇಶಿಸಲಾಗಿದೆ. ಆದ್ದರಿಂದ ತಪ್ಪಿತಸ್ಥರು ಯಾರೂ ಇರುವುದಿಲ್ಲ."

ಶಾಸಕರು ಕೆರಳಿ ಎದ್ದರು. ಕಲ್ಲಬಾವಿಯಂಥ ಊರಲ್ಲಿ ಇಲ್ಲದ ಸೌಕರ್ಯ ತಾಂಡಾದಲ್ಲಿ ಏನಿದೆ, ಮಾನ್ಯ ಮಂತ್ರಿಗಳು ಹೇಳಬೇಕು ಎಂದರು. ನಾನು ಪೆನ್ನು ಹಿಡಿದೆ, ಏನು ಬರೆಯಬೇಕೆಂದು ಗೊತ್ತಾಗಲಿಲ್ಲ. ಮಂತ್ರಿಗಳು ನನ್ನ ಕಡೆ ನೋಡಲೂ ಇಲ್ಲ.

"ಮಾನ್ಯ ಸದಸ್ಯರು ಮುಂದಿನ ಸಲ ಆ ಗ್ರಾಮಕ್ಕೆ ಹೋದಾಗ ಒಂದು ವಿಷಯ ವಿಚಾರಿಸಲಿ," ಎಂದರು. "ಬಸ್ಸಿನ ಕಂಡಕ್ಟರಿಗೆ ಅಲ್ಲಿ ರಾತ್ರಿ ಊಟ ಎಲ್ಲಿ ಹಾಕುತ್ತಿದ್ದರು ಎಂದು ಕೇಳಲಿ. ಆ ಜಾಗದಲ್ಲಿ ತಾವು ಕೂತು ಉಂಡು ಬಂದು, ಸೌಕರ್ಯ ಸರಿಯಾಗಿದೆ ಎಂದು ಈ ಸದನಕ್ಕೆ ತಿಳಿಸಿದರೆ, ಮರುದಿನವೇ ಬಸ್ಸು ಅಲ್ಲಿ ನಿಲ್ಲುತ್ತದೆ."

ಕೆಲವರು ಅರ್ಥವಾಗದೆ ನಕ್ಕರು. ಅರ್ಥವಾದವರು ನಗಲಿಲ್ಲ. ಸಭಾಧ್ಯಕ್ಷರು ಮುಂದಿನ ಪ್ರಶ್ನೆ ಕರೆದರು.

ಮಾರೆಪ್ಪನ ಚಾರ್ಜ್‌ಶೀಟ್ ಬಿದ್ದುಹೋಯಿತು, ಅವನು ಕಾಯಂ ಆದ. ವಸ್ತಿ ಬಸ್ಸು ಇದ್ದಲ್ಲಿಗೆ ರಸ್ತೆ ಇಲ್ಲ ಎನ್ನುವಂತಿರಲಿಲ್ಲವಾದ್ದರಿಂದ ಲೋಕೋಪಯೋಗಿ, ಅರಣ್ಯ ಎರಡೂ ಇಲಾಖೆಗಳು ಹೇಗೋ ಹೊಂದಿಕೊಂಡು ಆ ಎರಡು ಮೈಲಿಗೆ ಜಲ್ಲಿ ಹಾಕಿಸಿದವು. ಶಾಸಕರು ಸದನಕ್ಕೆ ಏನನ್ನೂ ತಿಳಿಸಲಿಲ್ಲ. ಕಲ್ಲಬಾವಿಯವರು ಬೆಳಿಗ್ಗೆ ಕಂಬಿ ಹಿಡಿದು ನಿಂತೇ ಬಂದರು.

ನಾನು ನಿವೃತ್ತನಾದ ಮೇಲೆ ಒಮ್ಮೆ ಸೇಡಂ ಬಸ್ ನಿಲ್ದಾಣದಲ್ಲಿ ಮಾರೆಪ್ಪ ಸಿಕ್ಕ. ಕಿವಿಯ ಮೇಲಿನ ಕೂದಲು ನೆರೆತಿತ್ತು, ಅಲ್ಲಿ ಕಂಟ್ರೋಲರ್ ಆಗಿದ್ದ. ಚಹಾ ತರಿಸಿದ. ಮಹಬೂಬ್ ಸಾಬ್ ತೀರಿಕೊಂಡು ವರ್ಷವಾಯಿತೆಂದು ತಿಳಿಸಿದ. ಆಮೇಲೆ ತಾನಾಗಿ ಹೇಳಿದ:

"ಅವತ್ತು ಮಹಬೂಬಣ್ಣ ಹೇಳಿದ್ದು ಸುಳ್ಳರಿ ಸಾಹೇಬ್ರ. ಬಸ್ ತಾಂಡಾಕ್ಕ ಒಯ್ಯಮು ಅಂದಾವ ನಾನೇ. ನನಗೇನು ಅವರ ಊಟ ಬೇಕಾಗಿರ್ಲಿಲ್ಲ, ಮನಿಯಿಂದ ರೊಟ್ಟಿ ಕಟಗೊಂಡು ಬರತಿದ್ದೆ. ಮಹಬೂಬಣ್ಣ ಗೌಡರ ಮನಿ ಎಲಿ ಬಿಟ್ಟು ಬಂದು, ನನ್ನ ಬಾಜೂಕ ಕುಂತು ನನ್ನ ರೊಟ್ಟ್ಯಾಗೇ ಅರ್ಧಾ ತಿಂದು ಮಲಗತಿದ್ದ. ದಿನಾ ಗಾಡಿ ಹೊಡಿಯೋ ಮನುಷಾ ಅರೆಹೊಟ್ಟಿಲೆ ಮಲಗೂದು ನೋಡಲಿಕ್ಕಾಗಲಿಲ್ಲ. ಅದಕ್ಕ ಒಯ್ಯಮು ಅಂದೆ. ನನ್ನ ನೌಕರಿ ಹೋಗ್ತದಂತ ಅವ ತನ್ನ ಮೈಮ್ಯಾಲ ಹಾಕ್ಕೊಂಡ."

ಸರ್ಕಾರದ ನೌಕರಿ ನನಗೆ ಕಲಿಸಿದ್ದು ಒಂದಿದ್ದರೆ ಇದೇ ಇರಬೇಕು: ಆ ಕಡತದಲ್ಲಿ ನಾಲ್ಕು ಇಲಾಖೆಗಳು ಬರೆದದ್ದರಲ್ಲಿ ಬೇಕೆಂದೇ ಹೇಳಿದ ಒಂದು ಸುಳ್ಳೂ ಇರಲಿಲ್ಲ, ಆದರೂ ಅದರಿಂದ ನನಗೆ ಏನೂ ತಿಳಿಯಲಿಲ್ಲ. ಒಬ್ಬನ ಅನ್ನ ಉಳಿಸಲು ಇನ್ನೊಬ್ಬ ಹೇಳಿದ್ದೊಂದೇ ಸುಳ್ಳು. ತಪ್ಪಿತಸ್ಥರು ಯಾರೂ ಇಲ್ಲ ಎಂದು ಮಂತ್ರಿಗಳು ಸದನದಲ್ಲಿ ಎದ್ದು ನಿಂತದ್ದರಲ್ಲಿ ಅದರ ಬಲವೂ ಇತ್ತು.