ಕೆರೆಯಂಗಳದ ಹತ್ತು ಹೆಜ್ಜೆ

ಅಣ್ಣನ ಕೊಡೆಯ ಕಬ್ಬಿಣದ ತುದಿಯಿಂದ ನಾಲ್ಕು ಬೆರಳು ಮೇಲಕ್ಕೆ ಒಂದು ಕೆಂಪು ದಾರ ಸುತ್ತಿತ್ತು. ಕೊಡೆಯನ್ನು ನೆಲಕ್ಕೆ ಒತ್ತಿದಾಗ ದಾರ ಹೊರಗೆ ಕಾಣುತ್ತಿದ್ದರೆ ಜೀಪು ಬರಬಹುದು. ಮಣ್ಣೊಳಗೆ ಹೋದರೆ ಬರಬಾರದು. ದಾರ ಸುತ್ತಿದವರು ಅಣ್ಣ. ಒತ್ತಿ ನೋಡುವ ಕೆಲಸ ನನ್ನದು.

ಅಣ್ಣ ಎಂದರೆ ನಮ್ಮ ತಂದೆ. ಮನೆಯಲ್ಲಿ ನಾವು ಕರೆಯುವುದೇ ಹಾಗೆ. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಅವರು ಫೋರ್‌ಮನ್ ಆಗಿದ್ದರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪುಗಳಲ್ಲಿ ಒಂದು, ಎರಡು ಕೈ ದಾಟಿ, ಅವರ ಕೈಗೆ ಬಂದಿತ್ತು. ಹೆಬ್ಬಾಳದ ನಮ್ಮ ಮನೆಯಲ್ಲಿ ಅದು ಎಲ್ಲಕ್ಕೂ ಆಗುತ್ತಿತ್ತು. ಅಣ್ಣ ಅದರಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ಅಮ್ಮ ರಾಗಿ ಮೂಟೆಯನ್ನು ಹಿಂದೆ ಹಾಕಿಸಿಕೊಂಡು ಗಿರಣಿಗೆ ಹೋಗುತ್ತಿದ್ದಳು. ಮಳೆಯ ದಿನ ನಾನು ಕಾಲೇಜಿಗೆ ಹೋಗುವುದೂ ಅದರಲ್ಲೇ. ಬಾಗಿಲಿಲ್ಲದ ಗಾಡಿಯಾದ್ದರಿಂದ ಒಂದು ಮಗ್ಗುಲು ನೆನೆಸಿಕೊಂಡೇ ಪ್ರಯೋಗಶಾಲೆ ಸೇರುತ್ತಿದ್ದೆ.

ಭಾನುವಾರ ಮಾತ್ರ ಜೀಪಿಗೆ ಕೆಲಸವಿರಲಿಲ್ಲ. ಅಂದು ನಾವಿಬ್ಬರು ಯಲಹಂಕ ದಾಟಿ ರಾಜಾನುಕುಂಟೆಯ ಕಡೆ ಹೋಗಿ, ಎಲ್ಲಿ ರಸ್ತೆ ಇಲ್ಲವೋ ಅಲ್ಲಿಗೆ ಇಳಿಯುತ್ತಿದ್ದೆವು. ಬಂಡೆಯ ಹಾಸು, ಹಳ್ಳದ ದಡ, ಬತ್ತಿದ ಕೆರೆಯಂಗಳ. ಯಾವ ಊರನ್ನೂ ತಲುಪಬೇಕಾಗಿರಲಿಲ್ಲ. ಗೇರಿನ ಪಕ್ಕದ ಗಿಡ್ಡ ಲಿವರನ್ನು ತಳ್ಳಿದರೆ ಮುಂದಿನ ಚಕ್ರಗಳೂ ಎಳೆಯತೊಡಗುತ್ತಿದ್ದವು. ಮನುಷ್ಯ ನಡೆಯುವಷ್ಟೇ ನಿಧಾನವಾಗಿ, ಎಲ್ಲೂ ನಿಲ್ಲದೆ ಗಾಡಿ ದಿಬ್ಬ ಏರುತ್ತಿತ್ತು. ಆಗ ಅಣ್ಣ ಸಣ್ಣಗೆ ಸಿಳ್ಳೆ ಹಾಕುತ್ತಿದ್ದರು. ಮನೆಯಲ್ಲಿ ಅವರು ಸಿಳ್ಳೆ ಹಾಕಿದ್ದನ್ನು ನಾನು ಕೇಳಿಲ್ಲ.

ನಡೆದು ನೋಡದ ನೆಲಕ್ಕೆ ಅವರು ಚಕ್ರ ಇಳಿಸುತ್ತಿರಲಿಲ್ಲ. ನಾನು ಎರಡು ಹೆಜ್ಜೆಗೊಮ್ಮೆ ಕೊಡೆ ಒತ್ತುತ್ತ ಮುಂದೆ ಹೋಗಬೇಕು. ಆಚೆ ದಡ ಸೇರಿ ಕೊಡೆ ಬಿಚ್ಚಿದರೆ 'ಬನ್ನಿ' ಎಂದು. ಮುಚ್ಚಿದ ಕೊಡೆಯನ್ನು ಎರಡೂ ಕೈಯಲ್ಲಿ ಅಡ್ಡಲಾಗಿ ಎತ್ತಿ ಹಿಡಿದರೆ 'ಬೇಡ' ಎಂದು.

ನಾನು ಬಿ.ಎಸ್ಸಿ. ಆನರ್ಸ್ ಮುಗಿಸಿ ಮನೆಯಲ್ಲಿದ್ದ ವರ್ಷ ಅಣ್ಣನಿಗೆ ದಪ್ಪ ಗಾಜಿನ ಕನ್ನಡಕ ಬಂತು. ಜೀಪು ಮಾರಿಬಿಡಿ ಎಂದು ಅಮ್ಮ ಹೇಳತೊಡಗಿದಳು. ಕಾರ್ಖಾನೆಯ ಹತ್ತಿರದ ಮರದ ಡಿಪೋದವರು ಎರಡು ಸಲ ಕೇಳಿಯೂ ಇದ್ದರು.

"ನನ್ನ ಕಣ್ಣು ಕೈಕೊಟ್ಟ ದಿನ ನಾನೇ ಮಾರ್ತೀನಿ, ನೀನು ಹೇಳೋದು ಬೇಡ" ಎನ್ನುತ್ತಿದ್ದರು ಅಣ್ಣ.

ಮಾರ್ಚ್ ತಿಂಗಳ ಒಂದು ಭಾನುವಾರ ಒಂದು ಸಣ್ಣ ಕೆರೆಗೆ ಇಳಿದೆವು. ಅಂಗಳವೆಲ್ಲ ಒಣಗಿ ಬಿರುಕು ಬಿಟ್ಟಿತ್ತು. ಆಚೆ ದಡದ ಬಳಿ ಉಳಿದಿದ್ದ ಒಂದಿಷ್ಟು ನೀರಿನಲ್ಲಿ ಮೂವರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನಾನು ಒತ್ತುತ್ತ ಹತ್ತಿರ ಬಂದಂತೆ ಒಬ್ಬಳು ಕೈಯ ಬಟ್ಟೆ ಬಿಟ್ಟು ನೋಡಿದಳು.

"ಏನಮ್ಮೋ, ನೆಲಾನ ಅಂಗೆ ತಿವೀತಿದೀಯ, ಏನ್ ಕಳ್ಕಂಡೆ?"

"ಕಳ್ಕಂಡಿಲ್ಲ ಕಣಕ್ಕ, ಗಂಡನ್ನ ಉಡುಕ್ತಾವ್ಳೆ!" ಎಂದಳು ಇನ್ನೊಬ್ಬಳು.

"ಮಣ್ಣಾಗಾ? ಸಿಕ್ಕುದ್ರೆ ನಂತಾವ ತತ್ತಾ ತಾಯಿ, ತೊಳ್ದು ಕೊಡ್ತೀನಿ!"

ಮೂವರೂ ನಕ್ಕರು. ಹಿಂದಿನ ವಾರವಷ್ಟೇ ಒಂದು ಗಂಡಿನ ಕಡೆಯವರು, ಹುಡುಗಿಯ ಓದು ಹೆಚ್ಚಾಯಿತು ಎಂದು ಹೇಳಿಕಳಿಸಿದ್ದರು. ಆ ಹೆಂಗಸರಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು. ಇನ್ನು ಹತ್ತು ಹೆಜ್ಜೆ ಉಳಿದಿತ್ತು. ಅಷ್ಟನ್ನೂ ಕೊಡೆ ಊರದೆ ಸರಸರನೆ ನಡೆದುಬಿಟ್ಟೆ. ನನ್ನ ಭಾರವನ್ನು ನೆಲ ತಡೆಯಿತು. ದಡ ಹತ್ತಿ, ಅವರಿಗೆ ಬೆನ್ನು ಮಾಡಿ ಕೊಡೆ ಬಿಚ್ಚಿದೆ.

ಅಣ್ಣ ಬಂದರು. ಕೊನೆಯ ಆ ಹತ್ತು ಹೆಜ್ಜೆಯಲ್ಲಿ ಮೇಲಿನ ಒಣ ಪದರ ಒಡೆದು ಜೀಪಿನ ಮೂತಿ ಬಾಗಿತು. ಗಿಡ್ಡ ಲಿವರು ತಳ್ಳಿದ್ದೂ ಆಯಿತು, ಹಿಂದಕ್ಕೆ ತೆಗೆದದ್ದೂ ಆಯಿತು. ನಾಲ್ಕು ಚಕ್ರಗಳೂ ಕೆಸರು ಎರಚುತ್ತ ಒಳಗೇ ಇಳಿದವು.

ಹೆಂಗಸರೇ ಕೂಗಿ ಹೊಲದಿಂದ ಒಬ್ಬ ಮುದುಕನನ್ನು ಜೋಡಿ ಎತ್ತಿನೊಂದಿಗೆ ಕರೆಸಿದರು. ಹಗ್ಗ ಕಟ್ಟುತ್ತ ಅವನು ಕೇಳಿದ, "ಈ ಮಿಲ್ಟ್ರಿ ಗಾಡೀಗೆ ಎಷ್ಟು ಕುದ್ರೆ ಬಲ ಸ್ವಾಮಿ?"

"ಅರವತ್ತು" ಎಂದರು ಅಣ್ಣ.

"ಅರವತ್ತೂ ಊತ್ಕಂಡವಲ್ಲ! ನಂದು ಎರಡೇ. ನೋಡಾನ."

ಎರಡೇ ಸಾಕಾದವು. ಅಣ್ಣ ನಗಲಿಲ್ಲ. ಕನ್ನಡಕ ತೆಗೆದು, ಒರೆಸಿ, ಗುಂಡಿಯ ಪಕ್ಕ ನಿಂತು ಬಹಳ ಹೊತ್ತು ನೋಡಿದರು. "ತೇವದ ನೆಲದ ಬಣ್ಣವೇ ಬೇರೆ ಇರುತ್ತೆ" ಎಂದರು. "ಮೊದಲಾಗಿದ್ರೆ ದೂರದಿಂದಲೇ ಕಾಣ್ತಿತ್ತು."

ಮನೆಯ ದಾರಿಯುದ್ದಕ್ಕೂ ಅಣ್ಣ, ಎದುರಿಗೆ ಎತ್ತಿನ ಗಾಡಿ ಕಂಡರೂ ಜೀಪನ್ನು ಪಕ್ಕಕ್ಕೆ ತಂದು ನಿಲ್ಲಿಸಿಬಿಡುತ್ತಿದ್ದರು. ಮನೆಗೆ ಬಂದವರೇ ಬೀಗದ ಕೈಯನ್ನು ಅಮ್ಮನ ಮುಂದೆ ಇಟ್ಟರು.

"ನಾಳೆ ಡಿಪೋದವರಿಗೆ ಹೇಳಿಬಿಡ್ತೀನಿ."

ಅಷ್ಟು ದಿನ ಅದನ್ನೇ ಕೇಳುತ್ತಿದ್ದ ಅಮ್ಮ, "ಊಟ ಆಗ್ಲಿ ಮೊದಲು" ಎಂದಷ್ಟೇ ಹೇಳಿ ಒಳಗೆ ಹೋದಳು. ಊಟಕ್ಕೆ ಕೂತಾಗ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಮಜ್ಜಿಗೆ ಕೇಳಿದೆ. ತಪ್ಪು ಅಣ್ಣನ ಕಣ್ಣಿನದಾಗಿರಲಿಲ್ಲ. ನನ್ನ ಕೊಡೆಯನ್ನು ನಂಬಿ ಅವರು ಬಂದಿದ್ದರು. ಇದನ್ನು ಹೇಳಲು ಒಂದು ವಾಕ್ಯ ಸಾಕಾಗಿತ್ತು. ಆದರೆ ತಮ್ಮನ್ನು ಸಮಾಧಾನ ಮಾಡಲು ಹೇಳುತ್ತಿದ್ದೇನೆ ಎಂದುಕೊಂಡು ಅವರು ನಂಬದೆ ಬಿಟ್ಟುಬಿಡುತ್ತಾರೆ ಅನ್ನಿಸಿತು.

ಮರುದಿನ ಅವರಿಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಬೀಗದ ಕೈ ತಂದು ಹಿಡಿದೆ.

"ಅಣ್ಣ, ನಿನ್ನೆಯ ಕೆರೆಗೆ ಹೋಗಬೇಕು."

"ಬಸ್ಸಲ್ಲಿ ಹೋಗು."

"ಬಸ್ಸು ಅಲ್ಲಿಗೆ ಹೋಗಲ್ಲ. ನೀವು ಓಡಿಸಬೇಕು."

ನನ್ನ ಮುಖ ನೋಡಿದರು. ಲೋಟ ಇಟ್ಟು ಎದ್ದರು.

ಕೆರೆಯಲ್ಲಿ ಅದೇ ಹೆಂಗಸರಿದ್ದರು. ಗುಂಡಿಯಿಂದ ದೂರದಲ್ಲೇ ಜೀಪು ನಿಲ್ಲಿಸಲು ಹೇಳಿ ಅಣ್ಣನನ್ನು ಕೆಳಗೆ ಕರೆದೆ. ನಿನ್ನೆ ನಾನು ಕೊನೆಯ ಸಲ ಕೊಡೆ ಊರಿದ್ದ ತೂತು ಹಾಗೆಯೇ ಇತ್ತು. ಅಲ್ಲಿಂದ ಗುಂಡಿಯವರೆಗೆ ಬರೀ ಹೆಜ್ಜೆ ಗುರುತು, ತೂತುಗಳಿರಲಿಲ್ಲ.

"ಇಲ್ಲಿಂದ ಆಚೆಗೆ ನಾನು ಒತ್ತಿರಲಿಲ್ಲ, ಅಣ್ಣ. ಅವರು ನಕ್ಕರು ಅಂತ ಹಾಗೇ ನಡೆದುಬಿಟ್ಟೆ."

ಎರಡು ಹೆಜ್ಜೆ ಮುಂದೆ ಹೋಗಿ ಒತ್ತಿದೆ. ಕೆಂಪು ದಾರ ಮಣ್ಣೊಳಗೆ ಹೋಯಿತು. ಅಣ್ಣ ಬಗ್ಗಿ ನೋಡಿದರು, ಕೊಡೆ ತಾವೇ ತೆಗೆದುಕೊಂಡು ಇನ್ನೊಂದು ಕಡೆ ಒತ್ತಿದರು, ಮತ್ತೆ ನೋಡಿದರು.

"ನಿನ್ನೆಯೇ ಹೇಳಬಹುದಿತ್ತಲ್ಲ."

"ಹೌದು."

ಕೊಡೆಯನ್ನು ನನ್ನ ಕೈಗೆ ಕೊಟ್ಟರು. "ಡಿಪೋಗೆ ಹೋಗೋ ಕೆಲಸ ತಪ್ಪಿತು. ಬಲಗಡೆ ನೋಡು, ಅಲ್ಲಿ ಗಟ್ಟಿ ಇರಬಹುದು." ಜೀಪಿನ ಕಡೆ ನಡೆದರು.

ನಾನು ಬಲಕ್ಕೆ ತಿರುಗಿದೆ.

"ಇವತ್ತಾದ್ರೂ ಸಿಕ್ಕುದ್ನೇನವ್ವ?" ಎಂದು ಕೂಗಿದಳು ಒಬ್ಬಳು.

"ಇನ್ನೂ ಇಲ್ಲ" ಎಂದು ಕೂಗಿ ಹೇಳಿದೆ. ಎರಡು ಹೆಜ್ಜೆಗೊಮ್ಮೆ ಒತ್ತುತ್ತ, ದಾರ ನೋಡುತ್ತ, ಆಚೆ ದಡದವರೆಗೂ ಹೋದೆ. ಅಲ್ಲಿ ಅಣ್ಣನ ಕಡೆ ತಿರುಗಿ ಕೊಡೆ ಬಿಚ್ಚಿದೆ.