ನೀರು ಬಿಡುವ ಹೊತ್ತು

ನಾನು ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾದ ವರ್ಷವೇ ಇಳಕಲ್ ಹತ್ತಿರದ ನಮ್ಮೂರಿಗೆ ಹೊಳೆಯ ನೀರು ಬಂತು. ಜಿಲ್ಲೆಯವರ ದೊಡ್ಡ ಯೋಜನೆ, ಒಂದೇ ಪೈಪಿಗೆ ಹತ್ತಾರು ಹಳ್ಳಿ. ನೀರು ಸಿಹಿಯಾಗಿತ್ತು. ಆದರೆ ನಮ್ಮ ಸರದಿ ಬರುತ್ತಿದ್ದದ್ದು ಬೆಳಿಗ್ಗೆ ಹತ್ತಕ್ಕೆ.

ಹತ್ತು ಅಂದರೆ ನಮ್ಮಲ್ಲಿ ಮಗ್ಗದ ಹೊತ್ತು. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು, ಅದಕ್ಕೆ ಒಬ್ಬರ ಕೈ ಸಾಲದು. ನಲ್ಲಿ ಸದ್ದು ಮಾಡಿತೆಂದರೆ ಹೆಂಗಸರು ಕೊಂಡಿ ಬಿಟ್ಟು ಕೊಡ ಹಿಡಿದು ಓಡುತ್ತಿದ್ದರು. ಗಂಡಸರು ಕೈಕಟ್ಟಿ ಕೂತಿರುತ್ತಿದ್ದರು. ತಾವೂ ಎದ್ದು ಒಂದು ಕೊಡ ತರಬಹುದೆಂದು ಅವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ನನ್ನ ಗಂಡನನ್ನೂ ಸೇರಿಸಿ. ದಿನಾ ಅರ್ಧ ಕೆಲಸ ಹಾಗೇ ಉಳಿಯುತ್ತಿತ್ತು.

ಬಾಗಲಕೋಟೆಗೆ ಹೋಗಿ ಯೋಜನೆಯ ಎಂಜಿನಿಯರರನ್ನು ಕಂಡೆ.

"ನಿಮ್ಮ ಹೊತ್ತು ಬದಲ ಮಾಡಿದ್ರ ಮುಂದಿನ ಊರಿಗೆ ನೀರ ಮುಟ್ಟೂದಿಲ್ರಿ ಅಕ್ಕಾರ," ಎಂದರು.

ಖರೆ ಮಾತು. ಖರೆ ಅನ್ನುವುದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

"ಪೈಪು ನಿಮ್ಮದ ಇರಲ್ರಿ. ನಿಮಗ ಅನುಕೂಲ ಆದಾಗ ನಮ್ಮೂರ ನೀರಿನ ಟಾಕಿ ತುಂಬಸ್ರಿ. ಟಾಕಿಯಿಂದ ಊರಿಗೆ ಯಾವಾಗ ಬಿಡೂದು ಅನ್ನೂದನ್ನ ನಮಗ ಬಿಡ್ರಿ," ಎಂದೆ.

"ತುಂಬಿ ಹರದು ಪೋಲಾದ್ರ?"

"ನಾವು ನೋಡ್ಕೋತೇವಿ."

ಅವರು ಒಂದಿಷ್ಟು ಯೋಚಿಸಿ ಒಪ್ಪಿದರು. ಅಂದಿನಿಂದ ಟಾಕಿ ಸಂಜೆಯೇ ತುಂಬತೊಡಗಿತು, ನಾವು ನಸುಕಿಗೆ ನೀರು ಬಿಡತೊಡಗಿದೆವು. ಬಿಸಿಲೇರುವಷ್ಟರಲ್ಲಿ ಮನೆಮನೆಯ ಕೊಡ ತುಂಬಿರುತ್ತಿತ್ತು. ಆಮೇಲೆ ಓಣಿಯುದ್ದಕ್ಕೂ ತಡೆಯಿಲ್ಲದೆ ಮಗ್ಗದ ಸದ್ದು. ಕೇಳಿ ನನಗೆ ಬಹಳ ಖುಷಿಯಾಗುತ್ತಿತ್ತು.

ಒಂದು ಮುಂಜಾನೆ ಟಾಕಿಯಲ್ಲಿ ಹನಿ ನೀರಿರಲಿಲ್ಲ. ಓಣಿಯ ಹೆಂಗಸರು ಖಾಲಿ ಕೊಡಗಳೊಂದಿಗೆ ನಮ್ಮ ಕಟ್ಟೆಗೆ ಬಂದು ಕೂತರು. "ಅಧ್ಯಕ್ಷರು ಇನ್ನಾ ಮಲಗ್ಯಾರೇನು?" ಎಂದು ಶುರು ಮಾಡಿದವರು ನನ್ನ ತವರಿನವರೆಗೂ ಹೋದರು. ಎಂಜಿನಿಯರರಿಗೆ ಫೋನು ಮಾಡಿದೆ. ಪಂಪಿಗೆ ಕರೆಂಟು ಹೋಗಿತ್ತಂತೆ. "ಈಗ ಬಂದೈತ್ರಿ ಅಕ್ಕಾರ, ಮೊದಲ ನಿಮ್ಮ ಟಾಕಿನ ತುಂಬಸ್ತೇನಿ," ಎಂದರು.

ನೀರು ಬರುವತನಕ ಎಲ್ಲರಿಗೂ ಚಹಾ ಕೊಟ್ಟೆ. ಕುಡಿಯುತ್ತಲೇ ಬೈದರು. ನನಗೆ ಬೇಸರವಾಗಲಿಲ್ಲ, ಒಳಗೊಳಗೇ ಹೆಮ್ಮೆ ಅನಿಸಿತು. ನೀರು ಹತ್ತಕ್ಕೆ ಬರುತ್ತಿದ್ದಾಗ ಇವರಲ್ಲಿ ಒಬ್ಬಳೂ ಬಾಯಿ ಬಿಟ್ಟಿರಲಿಲ್ಲ. ಆಗ ಬೈಯಬೇಕೆಂದರೆ ಬಾಗಲಕೋಟೆಯ ಬಸ್ಸು ಹತ್ತಬೇಕಿತ್ತು.